ಹಳೆಯ ಗ್ರಂಥಾಲಯ ಕಟ್ಟಡಕ್ಕೆ ಸುಗಮ್ಯತೆ: ರ್ಯಾಂಪಿನಿಂದ ವೆಬ್‌ಸೈಟಿನವರೆಗೆ ಸರಿಯಾದ ಅಳತೆ ಯಾವುದು, ಮೊದಲು ಏನು ಮಾಡಬೇಕು?

ಪ್ರಶ್ನೆ: ಓದುಮನೆ

ಎರಡು ಅಂತಸ್ತಿನ ಹಳೆಯ ಸಾರ್ವಜನಿಕ ಗ್ರಂಥಾಲಯದ ನವೀಕರಣದ ನಕ್ಷೆ ಕೈಯಲ್ಲಿದೆ. ಕಾಂಕ್ರೀಟ್ ಇನ್ನೂ ಬಿದ್ದಿಲ್ಲ, ತಿದ್ದಲು ಇದೇ ಸಮಯ. ಅಂಗವಿಕಲರೂ ಸಲೀಸಾಗಿ ಬಳಸುವಂತಿದೆಯೇ ಎಂದು ಬಲ್ಲವರು ನೋಡಿ ಹೇಳಬೇಕು.

ಮುಂಬಾಗಿಲಿನ ನೆಲ ಅಂಗಳಕ್ಕಿಂತ 600 ಮಿ.ಮೀ. ಎತ್ತರ, ನಾಲ್ಕು ಮೆಟ್ಟಿಲು. ಮೆಟ್ಟಿಲ ಪಕ್ಕ 9 ಮೀ. ಉದ್ದ, 4 ಮೀ. ಅಗಲದ ಖಾಲಿ ಜಾಗವಿದೆ. ಆದರೂ ಕಂಟ್ರಾಕ್ಟರ್ ರ್ಯಾಂಪನ್ನು ಹಿಂಬಾಗಿಲಿಗೆ ತೋರಿಸಿದ್ದಾರೆ, ಉದ್ದ 4.8 ಮೀ. ಶೌಚಾಲಯ 1200 × 1500 (ಬರೀ ಸಂಖ್ಯೆಯ ಅಳತೆಗಳೆಲ್ಲ ಮಿ.ಮೀ.), ಬಾಗಿಲು ಒಳಕ್ಕೆ ತೆರೆಯುತ್ತದೆ. ಪುಸ್ತಕ ಕೊಡುವ ಕೌಂಟರ್ 1100 ಎತ್ತರ, ಮೇಲೆ ಗಾಜು. ಓದುವ ಕೋಣೆ ಮೇಲಂತಸ್ತಿನಲ್ಲಿ. ಲಿಫ್ಟಿಗೆ ಜಾಗ ಗುರುತಿಸಿದ್ದಾರೆ, ಗಾತ್ರ ಬರೆದಿಲ್ಲ. ಸದಸ್ಯತ್ವದ ಅರ್ಜಿ ವೆಬ್‌ಸೈಟಿನಲ್ಲಿದೆ. ಸೂಚನೆಗಳೆಲ್ಲ ಮುದ್ರಿಸಿ, ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್‌ಗಳು.

ಯಾವ ನಿಯಮವನ್ನು ಆಧಾರವಾಗಿ ಹಿಡಿಯಬೇಕು? ಮೇಲಿನದರಲ್ಲಿ ಏನೇನು ತಪ್ಪು? ಹಣ ಕಂತಿನಲ್ಲಿ ಬರುವುದರಿಂದ ಯಾವ ಕೆಲಸ ಮೊದಲು?

ಉತ್ತರ 1: ಅಳತೆಪಟ್ಟಿ

ನಿಯಮದ ಮಾತು ಮೊದಲು ಮುಗಿಸಿಬಿಡೋಣ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಗಿ 2008ರಲ್ಲಿ ಜಾರಿಗೆ ಬಂತು. ಅದರ 9ನೇ ವಿಧಿ ಕಟ್ಟಡ, ಸಾರಿಗೆ, ಮಾಹಿತಿ, ಸಂವಹನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅದಕ್ಕೆ ಸಹಿ ಹಾಕಿದ ಹಲವು ದೇಶಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡಿವೆ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು ಹಾಗೆ. ಅಮೆರಿಕದ ಅಂಗವಿಕಲರ ಕಾಯ್ದೆ ಎಡಿಎ ಇನ್ನೂ ಹಳೆಯದು, 1990ರದ್ದು. ನಿಮ್ಮ ಕಟ್ಟಡ ಯಾವ ಕಾನೂನಿನಡಿ ಬರುತ್ತದೋ ಅದರ ಅಳತೆಗಿಂತ ಕೆಳಗೆ ಇಳಿಯುವಂತಿಲ್ಲ. ಅದರ ಮೇಲೆ ಐಎಸ್‌ಒ 21542 ಎಂಬ ಅಂತಾರಾಷ್ಟ್ರೀಯ ಮಾನದಂಡ (2011ರದ್ದು, 2021ರಲ್ಲಿ ಪರಿಷ್ಕರಣೆ), ಎಡಿಎಯ 2010ರ ಮಾನದಂಡ, ಇಂಗ್ಲೆಂಡಿನ ಕಟ್ಟಡ ನಿಯಮಗಳ 'ಭಾಗ ಎಂ', ಇವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಎರಡು ಕಡೆ ಎರಡು ಸಂಖ್ಯೆ ಇದ್ದರೆ ಬಳಸುವವರಿಗೆ ಸಲೀಸಾಗುವುದನ್ನೇ ಹಿಡಿಯಿರಿ.

ಇನ್ನೊಂದು ವಿಷಯ ಸಮಿತಿಯ ಸಭೆಯಲ್ಲಿ ಕೆಲಸಕ್ಕೆ ಬರುತ್ತದೆ. 'ಇಲ್ಲಿಗೆ ಗಾಲಿಕುರ್ಚಿಯವರು ಯಾರೂ ಬರುವುದಿಲ್ಲವಲ್ಲ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಡಂಬಡಿಕೆಯ ಸಮಿತಿ 2014ರ ತನ್ನ ಎರಡನೇ ಸಾಮಾನ್ಯ ವ್ಯಾಖ್ಯಾನದಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟಿದೆ: ಸುಗಮ್ಯತೆ ಮುಂಚಿತವಾಗಿಯೇ ಮಾಡಿಡಬೇಕಾದ ಕೆಲಸ, ಯಾರಾದರೂ ಬಂದು ಕೇಳಲಿ ಎಂದು ಕಾಯುವಂತಿಲ್ಲ. ಒಬ್ಬ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡುವ ಸೂಕ್ತ ಹೊಂದಾಣಿಕೆ ಬೇರೆ, ಅದು ಇದರ ಮೇಲೆ ಸೇರುವಂಥದ್ದು. ಮೆಟ್ಟಿಲು ಹತ್ತಲಾಗದವರು ಬಾರದೇ ಇರುವುದಕ್ಕೆ ಕಾರಣ ಆ ಮೆಟ್ಟಿಲೇ.

ಈಗ ರ್ಯಾಂಪ್. 600 ಎತ್ತರಕ್ಕೆ 4.8 ಮೀ. ಉದ್ದ ಎಂದರೆ 1:8. ಇದನ್ನು ದಯವಿಟ್ಟು ಕಟ್ಟಬೇಡಿ. ವ್ಯಕ್ತಿ ಮತ್ತು ಗಾಲಿಕುರ್ಚಿ ಸೇರಿ 90 ಕೆ.ಜಿ. ಅಂದುಕೊಳ್ಳಿ. 1:8ರಲ್ಲಿ ಹಿಂದಕ್ಕೆ ಜಾರದಂತೆ ಹಿಡಿದಿಡಲಿಕ್ಕೇ ಸುಮಾರು 11 ಕೆ.ಜಿ. ತೂಕದಷ್ಟು ಬಲ ಬೇಕು, ಅದೂ ಎರಡು ಕೈಯಿಂದ, ಒಂದೊಂದು ತಳ್ಳಿನ ನಡುವೆಯೂ ಬಿಡದೆ. 1:12ರಲ್ಲಿ ಅದು ಏಳೂವರೆ ಕೆ.ಜಿ., 1:18ರಲ್ಲಿ 5 ಕೆ.ಜಿ. ಇಳಿಯುವಾಗ ಅಷ್ಟೇ ಬಲವನ್ನು ಅಂಗೈಯೇ ಬ್ರೇಕಾಗಿ ತಡೆಯಬೇಕು.

ಎಡಿಎ ಪ್ರಕಾರ 1:12 ಮಿತಿ, ಒಂದು ಓಟಕ್ಕೆ (ಎರಡು ಸಮತಟ್ಟುಗಳ ನಡುವಿನ ಇಳಿಜಾರಿಗೆ) ಗರಿಷ್ಠ 760 ಮಿ.ಮೀ. ಏರಿಕೆ. 'ಭಾಗ ಎಂ' ಇನ್ನೂ ಬಿಗಿ: 1:12 ಇಳಿಜಾರು 2 ಮೀ. ಉದ್ದಕ್ಕೆ ಮಾತ್ರ, 1:15 ಆದರೆ 5 ಮೀ., 1:20 ಆದರೆ 10 ಮೀ. ಹೀಗೆ ಉದ್ದ ಹೆಚ್ಚಿದಂತೆ ಇಳಿಜಾರು ಮಂದವಾಗಬೇಕು ಎನ್ನುವುದೇ ಸರಿಯಾದ ಯೋಚನೆ, ಏಕೆಂದರೆ ತೋಳು ಸೋಲುವುದು ಕೊನೆಯ ಎರಡು ಮೀಟರಿನಲ್ಲಿ.

ನಿಮ್ಮ 9 × 4 ಜಾಗಕ್ಕೆ ಲೆಕ್ಕ ಹಾಕಿದೆ. 300 + 300 ಎಂದು ಎರಡು ಓಟ ಮಾಡಿ, ನಡುವೆ ತಿರುಗುವ ಸಮತಟ್ಟು ಕೊಡಿ. 1:18 ಹಿಡಿದರೆ ಒಂದೊಂದು ಓಟ 5.4 ಮೀ. ತಿರುವಿನ ಕಡೆ 1.5 ಮೀ., ಇನ್ನೊಂದು ತುದಿಯಲ್ಲಿ 1.5 ಮೀ. ಸೇರಿದರೆ ಒಟ್ಟು 8.4 ಮೀ. ಉದ್ದ. ಅಗಲ ಓಟಕ್ಕೆ 1.5 ಮೀ. ಇಟ್ಟು ನಡುಗೋಡೆ, ಕೈ ಹಿಡಿಯುವ ಕಂಬಿ ಸೇರಿಸಿದರೂ 4 ಮೀ. ಒಳಗೆ ಕೂರುತ್ತದೆ. ಮುಂಬಾಗಿಲಿಗೇ ಬಂದು ಸೇರುತ್ತದೆ. ಹಿಂಬಾಗಿಲ ರ್ಯಾಂಪಿಗೆ ಆಗುವ ಗತಿ ಒಂದೇ: ಬಾಗಿಲಿಗೆ ಬೀಗ, ಬೀಗದ ಕೈ ಯಾರ ಹತ್ತಿರವೋ.

ನಕ್ಷೆಯಲ್ಲಿ 1:15ರ ಬದಲು 1:18 ಬರೆಯಿರಿ ಎಂದದ್ದಕ್ಕೆ ಕಾರಣವಿದೆ. ಕಾಂಕ್ರೀಟ್ ಸರಿಯಾಗಿಯೇ ಬಿದ್ದಿರುತ್ತದೆ. ಆಮೇಲೆ ಮೇಲಿನ ಸಮತಟ್ಟಿಗೆ ಗಾರೆ, ಟೈಲ್ಸ್ ಸೇರಿ 40 ಮಿ.ಮೀ. ಏರುತ್ತದೆ, ರ್ಯಾಂಪಿಗೆ ಅಷ್ಟು ಏರುವುದಿಲ್ಲ. ಆ ವ್ಯತ್ಯಾಸ ತುಂಬಲು ಮೇಸ್ತ್ರಿ ಕೊನೆಯ ಅರ್ಧ ಮೀಟರಿನಲ್ಲಿ ಒಂದು ದಿಬ್ಬ ಎಳೆಯುತ್ತಾರೆ. ಗಾಲಿಕುರ್ಚಿ ಹಿಂದಕ್ಕೆ ಮಗುಚುವುದು ಸರಿಯಾಗಿ ಅಲ್ಲೇ.

ಪರೀಕ್ಷೆ ಸುಲಭ. 1200 ಮಿ.ಮೀ. ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ಮೇಲಿಟ್ಟು, ರಸಮಟ್ಟದಿಂದ ಪಟ್ಟಿಯನ್ನು ಸಮ ಹಿಡಿದು, ಇನ್ನೊಂದು ತುದಿಯ ಕೆಳಗಿನ ಸಂದು ಅಳೆಯಿರಿ. 100 ಬಂದರೆ 1:12, 80 ಬಂದರೆ 1:15, 60 ಬಂದರೆ 1:20. ಒಂದೇ ಕಡೆ ಅಳೆದು ಸುಮ್ಮನಾಗಬೇಡಿ, ಓಟದುದ್ದಕ್ಕೂ ಮೀಟರಿಗೊಮ್ಮೆ ಅಳೆಯಿರಿ. ಅಡ್ಡಕ್ಕೂ ಹಿಡಿಯಿರಿ: ಅಡ್ಡ ಇಳಿಜಾರು ಅದೇ ಪಟ್ಟಿಗೆ 25 ಮೀರಿದರೆ ಗಾಲಿಕುರ್ಚಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಹೋಗುವವರು ಒಂದೇ ಕೈಯಿಂದ ತಳ್ಳಬೇಕಾಗುತ್ತದೆ.

ಕೈ ಹಿಡಿಯುವ ಕಂಬಿ ಎರಡೂ ಬದಿಗೆ, 900ರ ಆಸುಪಾಸಿನಲ್ಲಿ ಒಂದು, 600ರಲ್ಲಿ ಇನ್ನೊಂದು. ಕೊಳವೆಯ ವ್ಯಾಸ 32ರಿಂದ 50. ಇಳಿಜಾರು ಮುಗಿದ ಮೇಲೂ 300 ಮಿ.ಮೀ. ಮುಂದುವರಿಯಲಿ, ತುದಿ ಗೋಡೆಗೋ ಕೆಳಕ್ಕೋ ಬಾಗಿರಲಿ. ಇಲ್ಲದಿದ್ದರೆ ತೋಳು, ಸೆರಗು ಸಿಕ್ಕಿಕೊಳ್ಳುತ್ತದೆ. ತೆರೆದ ಅಂಚಿಗೆ 100 ಎತ್ತರದ ಕಟ್ಟೆ ಬೇಕೇ ಬೇಕು, ಗಾಲಿಕುರ್ಚಿಯ ಮುಂದಿನ ಚಕ್ರ (ಮುಂಗಾಲಿ) ಜಾರದಂತೆ. ರ್ಯಾಂಪಿನ ಬುಡದಲ್ಲಿ ನೀರು ಹೋಗಲು ಜಾಲರಿ ಹಾಕಿದರೆ ಅದರ ಸಂದು 13 ಮಿ.ಮೀ. ಮೀರಬಾರದು, ಸಂದುಗಳು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಮೆಟ್ಟಿಲನ್ನು ಕಿತ್ತು ಹಾಕಬೇಡಿ. ಊರುಗೋಲು ಹಿಡಿದವರಿಗೆ, ಮಂಡಿ ಮಡಚಲಾಗದವರಿಗೆ ಉದ್ದನೆಯ ಇಳಿಜಾರಿಗಿಂತ ಹಿಡಿಯಲು ಕಂಬಿಯಿರುವ ನಾಲ್ಕು ಮೆಟ್ಟಿಲೇ ಹಗುರ.

ಉತ್ತರ 2: ಗಾರೆಕೆಲಸ

ಮೇಲಿನ ಟೈಲ್ಸ್ ಮಾತು ಶೌಚಾಲಯಕ್ಕೆ ಎರಡು ಪಟ್ಟು ಅನ್ವಯಿಸುತ್ತದೆ. ನಿಯಮದಲ್ಲಿರುವ ಅಳತೆಗಳೆಲ್ಲ ಕೆಲಸ ಮುಗಿದ ಮೇಲಿನ ಅಳತೆ. ಗೋಡೆಯ ಒಂದು ಮುಖಕ್ಕೆ ಗಾರೆ, ಅಂಟು, ಟೈಲ್ಸ್ ಸೇರಿ 40 ಮಿ.ಮೀ. ಹೋಗುತ್ತದೆ. ಎದುರು ಗೋಡೆಗೂ 40. ಆದ್ದರಿಂದ 1500 × 2200 ಬೇಕಾದರೆ ಇಟ್ಟಿಗೆಯಿಂದ ಇಟ್ಟಿಗೆಗೆ 1580 × 2280 ಇರಲೇಬೇಕು. ನಿಮ್ಮ 1200 × 1500ರಲ್ಲಿ ಗಾಲಿಕುರ್ಚಿ ಒಳಗೆ ಹೋದರೆ ಬಾಗಿಲು ಹಾಕಲು ಆಗುವುದಿಲ್ಲ. ಎರಡು ಚಿಕ್ಕ ಶೌಚಾಲಯಗಳ ನಡುಗೋಡೆ ತೆಗೆದು ಒಂದು ಮಾಡಲು ಸಾಧ್ಯವೇ ನೋಡಿ. ಅದು ಗಂಡಸರ ಅಥವಾ ಹೆಂಗಸರ ವಿಭಾಗದ ಒಳಗಿರದೆ ಹೊರಗಿನಿಂದಲೇ ಪ್ರವೇಶವಿರುವಂತಿದ್ದರೆ ಒಳ್ಳೆಯದು, ನೆರವಿಗೆ ಬರುವ ಗಂಡ, ಹೆಂಡತಿ, ಮಗ, ಮಗಳು ಯಾರಿದ್ದರೂ ಜೊತೆಗೆ ಹೋಗಬಹುದು.

ಕಮೋಡ್ ವಿಷಯದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಎಡಿಎ ಪ್ರಕಾರ ಪಕ್ಕದ ಗೋಡೆಯಿಂದ ಕಮೋಡಿನ ನಡುಗೆರೆ 405ರಿಂದ 455. 'ಭಾಗ ಎಂ' ಪ್ರಕಾರ 500, ಆದರೆ ಅಲ್ಲಿ ಹಿಡಿಕೆಯ ಜೋಡಣೆಯೇ ಬೇರೆ. ಒಂದರಿಂದ ಕಮೋಡಿನ ಅಂತರ, ಇನ್ನೊಂದರಿಂದ ಹಿಡಿಕೆ ತೆಗೆದುಕೊಂಡರೆ ಕೈ ಎಟುಕುವುದಿಲ್ಲ. ಯಾವುದಾದರೂ ಒಂದನ್ನು ಪೂರ್ತಿ ಪಾಲಿಸಿ. ಪ್ಲಂಬರ್ ಕೊಳವೆಯ ಬಾಯಿಯನ್ನು ಇಟ್ಟಿಗೆ ಗೋಡೆಯಿಂದ ಅಳೆದು ಇಡುತ್ತಾರೆ, ಟೈಲ್ಸ್ ಹತ್ತಿದ ಮೇಲೆ ಆ 40 ಮಿ.ಮೀ. ಮಾಯ. 'ಮುಗಿದ ಗೋಡೆಯಿಂದ' ಎಂದು ನಕ್ಷೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ.

ಸೀಟಿನ ಎತ್ತರ ಸೀಟು ಸೇರಿ 430ರಿಂದ 485. ಗಾಲಿಕುರ್ಚಿಯ ಆಸನದ ಎತ್ತರಕ್ಕೆ ಹತ್ತಿರವಿದ್ದರೆ ಪಕ್ಕಕ್ಕೆ ಜರುಗುವುದು ಸುಲಭ. ಹಿಡಿಕೆಗಳು 840ರಿಂದ 915 ಎತ್ತರದಲ್ಲಿ, ಗೋಡೆಗೂ ಹಿಡಿಕೆಗೂ 38 ಮಿ.ಮೀ. ಸಂದು. ಹೆಚ್ಚು ಬಿಟ್ಟರೆ ಜಾರಿದ ಮುಂಗೈ ಸಂದಿನಲ್ಲಿ ಸಿಕ್ಕಿ ಮುರಿಯುವ ಅಪಾಯ. ಪ್ರತಿ ಹಿಡಿಕೆಯೂ 113 ಕೆ.ಜಿ. ಭಾರ ತಡೆಯಬೇಕು. ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಬಿಗಿದರೆ ಮೊದಲ ದಿನ ಗಟ್ಟಿಯಾಗಿ ಕಾಣುತ್ತದೆ. ಆರು ತಿಂಗಳಲ್ಲಿ ಅಲುಗುತ್ತದೆ, ಒಂದು ದಿನ ಕಿತ್ತು ಬರುತ್ತದೆ, ಹಿಡಿದವರ ಸಮೇತ. ಹಿಡಿಕೆ ಬರುವ ಕಡೆ ಬ್ಲಾಕಿನ ಟೊಳ್ಳನ್ನು ಕಾಂಕ್ರೀಟ್ ತುಂಬಿ ಗಟ್ಟಿ ಮಾಡಿ, ಇಲ್ಲವೇ ಗೋಡೆಯ ಆಚೆ ಉಕ್ಕಿನ ತಗಡಿಟ್ಟು ಬೋಲ್ಟ್ ತೂರಿಸಿ. ಹಸ್ತಾಂತರಕ್ಕೆ ಮೊದಲು ದೊಡ್ಡ ಆಳು ಒಬ್ಬರು ಪೂರ್ತಿ ತೂಕ ಹಾಕಿ ಜಗ್ಗಿ ನೋಡಲಿ.

ಫ್ಲಶ್ ಗುಂಡಿ ಗೋಡೆಯ ಕಡೆ ಬೇಡ, ತೆರೆದ ಬದಿಯಲ್ಲಿರಲಿ. ಕೈತೊಳೆಯುವ ಬೇಸಿನ್ ಕೆಳಗೆ ಮೊಣಕಾಲು ತೂರಬೇಕು, ನೆಲದಿಂದ 685 ಖಾಲಿ. ಕಮೋಡಿನ ಪಕ್ಕದ ಖಾಲಿ ಜಾಗ ಗಾಲಿಕುರ್ಚಿ ನಿಲ್ಲಲು ಇರುವುದು. ಬಕೆಟ್ಟು, ಪೊರಕೆ ಇಡುವ ಮೂಲೆ ಬೇರೆಡೆ ಕೊಡದಿದ್ದರೆ ಅವು ಇಲ್ಲಿಗೇ ಬಂದು ಸೇರುತ್ತವೆ.

ತುರ್ತು ಕರೆಯ ಕೆಂಪು ಹಗ್ಗ: ಅದಕ್ಕೆ ಎರಡು ಬಳೆ, ಒಂದು 800ರಿಂದ 1000 ಎತ್ತರದಲ್ಲಿ, ಇನ್ನೊಂದು ನೆಲದಿಂದ 100 ಮಿ.ಮೀ.ನಲ್ಲಿ. ಕೆಳಗಿನದು ನೆಲಕ್ಕೆ ಬಿದ್ದವರ ಕೈಗೆ ಸಿಗಲೆಂದು. ನೆಲ ಒರೆಸುವಾಗ ತೊಡಕಾಗುತ್ತದೆ ಎಂದು ಅದನ್ನು ಸುತ್ತಿ ಹಿಡಿಕೆಗೆ ಗಂಟು ಹಾಕಿರುತ್ತಾರೆ, ಎಲ್ಲ ಕಡೆ. 'ಗಂಟು ಹಾಕಬೇಡಿ' ಎಂಬ ಸಣ್ಣ ಫಲಕ ಹಗ್ಗದ ಪಕ್ಕದಲ್ಲೇ ಇರಲಿ, ಶುಚಿ ಮಾಡುವವರಿಗೆ ಕಾರಣವನ್ನೂ ಹೇಳಿ. ಕರೆಗಂಟೆ ಯಾರಾದರೂ ಇರುವ ಕಡೆ ಕೇಳಿಸಬೇಕು.

ಬಾಗಿಲಿನಲ್ಲಿ ಮೋಸ ಹೋಗುವುದು ಹೀಗೆ. 'ಬಾಗಿಲು 900' ಎಂದು ನಕ್ಷೆ ಹೇಳುತ್ತದೆ, ಅದು ಗೋಡೆಯಲ್ಲಿ ಬಿಟ್ಟ ಜಾಗ. ಚೌಕಟ್ಟು ಎರಡೂ ಕಡೆ 60 ತಿಂದರೆ 780. ಬಾಗಿಲು 90 ಡಿಗ್ರಿ ತೆರೆದಾಗ ಅದರ ದಪ್ಪ 35 ಒಳಗೇ ನಿಲ್ಲುತ್ತದೆ, ಉಳಿದದ್ದು 745. ಎಡಿಎ ಕೇಳುವುದು 815 ಸ್ಪಷ್ಟ ಅಗಲ, ಎಷ್ಟೋ ನಿಯಮಗಳು 900 ಕೇಳುತ್ತವೆ. ಗೋಡೆಯಲ್ಲಿ 1050ರಿಂದ 1100 ಬಿಡಿ. ಎಳೆಯುವ ಬದಿಯಲ್ಲಿ ಚಿಲಕದ ಪಕ್ಕ 455 ಮಿ.ಮೀ. ಖಾಲಿ ಗೋಡೆ ಬೇಕು, ಗಾಲಿಕುರ್ಚಿ ಬಾಗಿಲಿನ ದಾರಿಯಿಂದ ಸರಿದು ನಿಲ್ಲಲು. ಹೊಸ್ತಿಲು 13 ಮೀರಬಾರದು, ಅದರಲ್ಲೂ 6ರ ಮೇಲಿನದು ಇಳಿಜಾರಾಗಿ ಕೆತ್ತಿರಬೇಕು. ತಾನಾಗಿ ಮುಚ್ಚುವ ಕ್ಲೋಸರ್ ಹಾಕಿದರೆ ತೂಗುತ್ರಾಸಿನಿಂದ ಎಳೆದು ನೋಡಿ: ಎಡಿಎ ಪ್ರಕಾರ ಒಳಬಾಗಿಲಿಗೆ 22 ನ್ಯೂಟನ್, ಅಂದರೆ ತ್ರಾಸಿನಲ್ಲಿ ಎರಡೂಕಾಲು ಕೆ.ಜಿ. ಒಳಗೆ ತೆರೆಯಬೇಕು. ಹಿಡಿ, ಚಿಲಕ, ನಲ್ಲಿ ಎಲ್ಲಕ್ಕೂ ಒಂದೇ ಪರೀಕ್ಷೆ: ಮುಷ್ಟಿ ಬಿಗಿಹಿಡಿದು ಅದರಿಂದಲೇ ತೆರೆಯಲು ಬಂದರೆ ಸರಿ, ತಿರುಪಲು ಬೆರಳು ಬೇಕಾದರೆ ಬದಲಿಸಿ.

ಓದುಮನೆ

ಇಬ್ಬರಿಗೂ ಧನ್ಯವಾದ. ರ್ಯಾಂಪನ್ನು ಮುಂದಕ್ಕೆ ತರಲು ಮಾತಾಡುತ್ತೇನೆ. ಇನ್ನು ಎರಡು ಅನುಮಾನ. ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬು ಟೈಲ್ಸನ್ನು ಒಳಗಿನ ಇಡೀ ಹಾಲಿಗೆ ಹಾಸುತ್ತೇವೆ, ಚೆನ್ನಾಗಿ ಕಾಣುತ್ತದೆ ಎನ್ನುತ್ತಿದ್ದಾರೆ. ಲಿಫ್ಟಿನ ಕ್ಯಾಬಿನ್ ಎಷ್ಟಿರಬೇಕು?

ಉತ್ತರ 3: ಬಿಳಿಕೋಲು

ಇಡೀ ಹಾಲಿಗೆ ಹಾಸಿದರೆ ಆ ಟೈಲ್ಸಿಗೆ ಅರ್ಥವೇ ಉಳಿಯುವುದಿಲ್ಲ. ಅದು ಓದುವ ಲಿಪಿ ಇದ್ದ ಹಾಗೆ. 1965ರಲ್ಲಿ ಜಪಾನಿನ ಸೇಯಿಚಿ ಮಿಯಾಕೆ ಇದನ್ನು ರೂಪಿಸಿದರು, 1967ರಲ್ಲಿ ಒಕಾಯಾಮಾದ ರಸ್ತೆಯಲ್ಲಿ ಮೊದಲು ಹಾಕಿದರು. ಉದ್ದ ಗೆರೆಯ ಟೈಲ್ಸ್ ಎಂದರೆ 'ಈ ದಿಕ್ಕಿಗೆ ನಡೆ'. ಗುಂಡು ಚುಕ್ಕಿಯ ಟೈಲ್ಸ್ ಎಂದರೆ 'ನಿಲ್ಲು, ಮುಂದೆ ಏನೋ ಇದೆ'. ಗೇಟಿನಿಂದ ಮುಂಬಾಗಿಲು, ಅಲ್ಲಿಂದ ಕೌಂಟರ್, ಅಲ್ಲಿಂದ ಲಿಫ್ಟ್: ಈ ಒಂದು ದಾರಿಗೆ ಗೆರೆ. ಮೆಟ್ಟಿಲ ತಲೆಗೂ ಬುಡಕ್ಕೂ, ಲಿಫ್ಟ್ ಬಾಗಿಲ ಮುಂದೆ, ದಾರಿ ತಿರುಗುವ ಕಡೆ ಚುಕ್ಕಿ. ಮೆಟ್ಟಿಲ ಅಂಚಿಗೆ ಅಂಟಿಸಿ ಹಾಕಬೇಡಿ, 300 ಮಿ.ಮೀ. ಹಿಂದೆ ಇರಲಿ, ನಿಲ್ಲಲು ಹೆಜ್ಜೆ ಬೇಕಲ್ಲ. ಗೆರೆಯ ಎರಡೂ ಬದಿ ಖಾಲಿ ಇರಬೇಕು; ಕಂಬಕ್ಕೆ ನೇರ ಹೋಗಿ ಮುಟ್ಟುವ ಗೆರೆ ಹಾಕುವುದಕ್ಕಿಂತ ಹಾಕದಿರುವುದೇ ಲೇಸು. ನೆಲದ ಬಣ್ಣಕ್ಕೂ ಟೈಲ್ಸಿಗೂ ಎದ್ದು ಕಾಣುವ ವ್ಯತ್ಯಾಸ ಬೇಕು. ದೃಷ್ಟಿದೋಷವಿರುವ ಬಹುಮಂದಿಗೆ ಒಂದಿಷ್ಟು ಕಾಣುತ್ತದೆ, ಅವರು ಕಾಲಿಗಿಂತ ಕಣ್ಣಿನಿಂದಲೇ ಆ ಪಟ್ಟಿಯನ್ನು ಹಿಡಿಯುತ್ತಾರೆ. ಬೆಳಕಿನ ಪ್ರತಿಫಲನದ ನೂರರ ಮಾಪಕದಲ್ಲಿ 30 ಅಂಕದ ಅಂತರ ಎಂಬುದು 'ಭಾಗ ಎಂ' ಬಳಸುವ ಲೆಕ್ಕ. ಪ್ರತಿ ಮೆಟ್ಟಿಲ ಅಂಚಿಗೂ ಅದೇ ಲೆಕ್ಕದ 50ರಿಂದ 65 ಮಿ.ಮೀ. ಪಟ್ಟಿ ಬೇಕು.

ಎಲ್ಲರೂ ಮರೆಯುವುದು ಗೋಡೆಯನ್ನು. ಬಿಳಿಕೋಲು ನೆಲದಿಂದ ಸುಮಾರು 685 ಮಿ.ಮೀ.ವರೆಗಿನದನ್ನು ಪತ್ತೆ ಹಚ್ಚುತ್ತದೆ. ಅದರ ಮೇಲೆ, ತಲೆಯ ಎತ್ತರದವರೆಗೆ, ಗೋಡೆಯಿಂದ 100 ಮಿ.ಮೀ.ಗಿಂತ ಹೆಚ್ಚು ಮುಂದೆ ಚಾಚಿದ್ದೆಲ್ಲ ಹೊಟ್ಟೆಗೋ ಮುಖಕ್ಕೋ ಬಡಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರಿನ ಪೆಟ್ಟಿಗೆ, ಹೊರಕ್ಕೆ ತೆರೆದ ಕಿಟಕಿ ರೆಕ್ಕೆ, ಗೋಡೆಗೆ ಹೊಡೆದ ಪತ್ರಿಕೆಯ ಸ್ಟ್ಯಾಂಡು. ಗೂಡು ಮಾಡಿ ಒಳಕ್ಕೆ ಸರಿಸಿ, ಇಲ್ಲವೇ ಅದರ ಕೆಳಗೆ ನೆಲಮಟ್ಟದಲ್ಲಿ ಕೋಲಿಗೆ ತಾಗುವಂಥದ್ದು ಏನಾದರೂ ಇಡಿ. ಮೆಟ್ಟಿಲ ಕೆಳಗಿನ ಓರೆ ಜಾಗವನ್ನು 2030 ಎತ್ತರದವರೆಗೆ ಅಡ್ಡಗಟ್ಟಿ.

ಬ್ರೈಲ್ ಫಲಕ: ಬಾಗಿಲ ಮೇಲೆ ಹಾಕಬೇಡಿ, ಓದುತ್ತಿರುವಾಗ ಯಾರಾದರೂ ಬಾಗಿಲು ತೆರೆದರೆ ಮುಖಕ್ಕೇ ಹೊಡೆಯುತ್ತದೆ. ಚಿಲಕದ ಬದಿಯ ಗೋಡೆಗೆ, 1220ರಿಂದ 1525 ಎತ್ತರದಲ್ಲಿ ಹಾಕಿ. ಬ್ರೈಲ್ ಚುಕ್ಕಿಯ ಗಾತ್ರ ನಿಗದಿಯಾದದ್ದು. ಚುಕ್ಕಿಯಿಂದ ಚುಕ್ಕಿಗೆ ಸುಮಾರು 2.5 ಮಿ.ಮೀ. ವಿನ್ಯಾಸಕಾರರು ಫಲಕ ತುಂಬಲಿ ಎಂದು ಹಿಗ್ಗಿಸಿಬಿಡುತ್ತಾರೆ, ಆಗ ಒಂದು ಅಕ್ಷರ ಬೆರಳ ತುದಿಗೆ ಹಿಡಿಸುವುದೇ ಇಲ್ಲ. ಕನ್ನಡಕ್ಕೆ ಭಾರತೀಯ ಭಾಷೆಗಳಿಗೆಂದೇ ಇರುವ ಭಾರತಿ ಬ್ರೈಲ್. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸಿ ಫಾಂಟ್ ಬದಲಿಸಿದರೆ ಬ್ರೈಲ್ ಆಗುವುದಿಲ್ಲ, ಗುಣಿತ, ಒತ್ತಕ್ಷರ ಬರೆಯುವ ಕ್ರಮವೇ ಅಲ್ಲಿ ಬೇರೆ. ಅಚ್ಚಿಗೆ ಮೊದಲು ಬ್ರೈಲ್ ಓದುವವರೊಬ್ಬರ ಕೈಯಲ್ಲಿ ಮಾದರಿ ಓದಿಸಿ, ತಲೆಕೆಳಗಾಗಿ ಅಂಟಿಸಿಲ್ಲವೇ ಎಂಬುದನ್ನೂ ಅವರೇ ಹೇಳುತ್ತಾರೆ.

ಲಿಫ್ಟ್: ಒಳ ಅಳತೆ ಕನಿಷ್ಠ 1100 ಅಗಲ, 1400 ಆಳ, ಬಾಗಿಲು 800. ಇಷ್ಟರಲ್ಲಿ ಗಾಲಿಕುರ್ಚಿ ಒಳಗೆ ಹೋಗುತ್ತದೆ, ತಿರುಗಲಾರದು. ಹಿಂದಕ್ಕೆ ಬರುವವರಿಗೆ ಎದುರು ಗೋಡೆಯಲ್ಲಿ ಕನ್ನಡಿ ಬೇಕು. ಇನ್ನೂ ದೊಡ್ಡದಕ್ಕೆ ಜಾಗವಿದ್ದರೆ ಅದನ್ನೇ ಮಾಡಿ. ಗುಂಡಿಗಳು 900ರಿಂದ 1200 ಎತ್ತರದಲ್ಲಿ, ಉಬ್ಬಿರಲಿ. ಬೆರಳು ಸೋಕಿದರೇ ಒತ್ತಿಹೋಗುವ ಟಚ್ ಫಲಕ ಖಂಡಿತ ಬೇಡ, ಓದಲು ತಡವಿದರೆ ಎಲ್ಲ ಅಂತಸ್ತೂ ಒತ್ತಿಹೋಗುತ್ತವೆ. ಮಹಡಿಯ ಹೆಸರನ್ನು ಧ್ವನಿಯಲ್ಲಿ ಹೇಳಬೇಕು.

ಉತ್ತರ 4: ಸನ್ನೆಮಾತು

ಕೌಂಟರಿನ ಬಗ್ಗೆ ಯಾರೂ ಹೇಳಿಲ್ಲ. 1100 ಎತ್ತರದ ಕೌಂಟರಿನ ಮುಂದೆ ಗಾಲಿಕುರ್ಚಿಯಲ್ಲಿ ಕೂತವರ ಹಣೆ ಮಾತ್ರ ಕಾಣುತ್ತದೆ. ಒಂದು ಭಾಗವನ್ನು 1500 ಅಗಲಕ್ಕೆ 760 ಎತ್ತರಕ್ಕೆ ಇಳಿಸಿ. ಕೆಳಗೆ 700 ಎತ್ತರ, 500 ಆಳ ಖಾಲಿ. ಲೆಕ್ಕ ನೋಡಿ: ಹಲಗೆಗೆ ಉಳಿಯುವುದು 60 ಮಿ.ಮೀ. ಮಾತ್ರ. ಬಡಗಿ ಅಲ್ಲೊಂದು ಡ್ರಾಯರ್ ಕೂರಿಸಿದರೆ ಮೊಣಕಾಲು ತೂರುವುದಿಲ್ಲ.

ಗಾಜು ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಗ್ರಂಥಾಲಯಕ್ಕೆ ಬಹುಶಃ ಬೇಡ. ಇರಲೇಬೇಕಾದರೆ ಸಿಬ್ಬಂದಿಯ ಬೆನ್ನ ಹಿಂದೆ ಕಿಟಕಿ ಇರಬಾರದು, ಬೆಳಕು ಅವರ ಮುಖದ ಮೇಲೆ ಬೀಳಬೇಕು. ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಹಿಂಬೆಳಕಿನಲ್ಲಿ ಮುಖ ಕಪ್ಪಾಗಿ ಕಾಣುತ್ತದೆ.

ಶ್ರವಣಯಂತ್ರ ಬಳಸುವವರಿಗೆ ಕೌಂಟರಿನಲ್ಲೂ ಸಭಾಂಗಣದಲ್ಲೂ ಇಂಡಕ್ಷನ್ ಲೂಪ್ ಹಾಕಿಸಿ. ಮೈಕಿನ ಧ್ವನಿ ತಂತಿಯ ಸುರುಳಿಯ ಕಾಂತಕ್ಷೇತ್ರವಾಗಿ ನೇರ ಯಂತ್ರದೊಳಗಿನ ಟೆಲಿಕಾಯಿಲ್ ಎಂಬ ಸಣ್ಣ ಸುರುಳಿಗೆ ಹೋಗುತ್ತದೆ, ಹಾಲಿನ ಗದ್ದಲ ಸೇರುವುದಿಲ್ಲ. ನೆಲದ ಕಾಂಕ್ರೀಟಿನ ಒಳಗಿನ ಕಬ್ಬಿಣ ಈ ಕ್ಷೇತ್ರವನ್ನು ತಗ್ಗಿಸುತ್ತದೆ, ಹಾಗಾಗಿ ಕೊಳವೆ ಹಾಕುವ ಮೊದಲೇ ಲೂಪ್ ಮಾಡುವವರು ನೆಲ ನೋಡಬೇಕು. ಕೆಲಸ ಮುಗಿದ ಮೇಲೆ ಲೂಪುಗಳ ಅಂತಾರಾಷ್ಟ್ರೀಯ ಮಾನದಂಡ ಐಇಸಿ 60118-4 ಪ್ರಕಾರ ಅಳೆದ ವರದಿ ಕೇಳಿ. ಗರಿಷ್ಠ ಕ್ಷೇತ್ರ ಮೀಟರಿಗೆ 400 ಮಿಲಿಆಂಪಿಯರ್ ಬರಬೇಕು. ಲೂಪ್ ಸಾಯುವುದು ಯಂತ್ರ ಕೆಟ್ಟು ಅಲ್ಲ, ಸ್ವಿಚ್ ಆರಿಸಿಟ್ಟು. ಬಾಗಿಲು ತೆರೆಯುವವರ ಬೆಳಗಿನ ಕೆಲಸಗಳ ಪಟ್ಟಿಯಲ್ಲಿ ಅದೂ ಒಂದಾಗಲಿ.

ಕಾರ್ಯಕ್ರಮ ನಡೆಸುವಾಗ ಸಂಜ್ಞಾ ಭಾಷೆಯ ಅನುವಾದಕರನ್ನು ಮುಂಚಿತವಾಗಿ ಗೊತ್ತು ಮಾಡಿ, ಭಾಷಣದ ಪ್ರತಿ ಅವರಿಗೆ ಮೊದಲೇ ಕೊಡಿ. ಒಂದು ಗಂಟೆ ಮೀರಿದರೆ ಇಬ್ಬರು ಬೇಕು, 20ರಿಂದ 30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಭಾಷಣಕಾರರ ಪಕ್ಕದಲ್ಲೇ ಬೆಳಕಿನಲ್ಲಿ ನಿಲ್ಲಿಸಿ. ಬರೆದು ತೋರಿಸಿದರೆ ಸಾಲದೇ ಎನ್ನುವವರಿಗೆ: ಹುಟ್ಟಿನಿಂದ ಕಿವುಡರಾದ ಎಷ್ಟೋ ಜನರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಬರೆಯುವ ಭಾಷೆ ಎರಡನೆಯದು. ದೂರವಾಣಿ ಸಂಖ್ಯೆ ಮಾತ್ರ ಕೊಟ್ಟ ಕಡೆಯೆಲ್ಲ ಸಂದೇಶ ಕಳಿಸುವ ದಾರಿಯನ್ನೂ ಕೊಡಿ.

ಉತ್ತರ 5: ತೆರೆಓದುಗ

ವೆಬ್‌ಸೈಟಿಗೆ ಮಾನದಂಡ ಡಬ್ಲ್ಯೂಸಿಎಜಿ, 2.1 ಬಂದದ್ದು 2018ರಲ್ಲಿ, 2.2 ಬಂದದ್ದು 2023ರಲ್ಲಿ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟ ಹಿಡಿಯಿರಿ. ಕನ್ನಡದ ಕಡತಗಳಿಗೆ ಅದಕ್ಕೂ ಮೊದಲಿನ ತೊಡಕೊಂದಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ತೆರೆಯ ಮೇಲಿನದನ್ನು ಧ್ವನಿಯಲ್ಲಿ ಓದಿ ಹೇಳುವ ತೆರೆಓದುಗ ತಂತ್ರಾಂಶಕ್ಕೆ ಖಾಲಿ ಹಾಳೆ. ಅದು ಎಲ್ಲರಿಗೂ ಗೊತ್ತು. ಆದರೆ ಸ್ಕ್ಯಾನ್ ಬಿಟ್ಟು ಮೂಲ ಕಡತವನ್ನೇ ಹಾಕಿದರೂ, ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿದ್ದರೆ ಪ್ರಯೋಜನವಿಲ್ಲ. ಕಣ್ಣಿಗೆ 'ಕನ್ನಡ' ಎಂದು ಕಾಣುವ ಪದ ಕಡತದ ಒಳಗೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ಅವುಗಳ ನಡುವೆ ತಲೆಯ ಮೇಲೆ ಓರೆ ಗೀಟಿರುವ ಎ ಎಂದಿರುತ್ತದೆ. ಎನ್‌ವಿಡಿಎಯಂಥ ತೆರೆಓದುಗ ಅದನ್ನೇ ಓದುತ್ತದೆ. ಹುಡುಕಿದರೂ ಸಿಗುವುದಿಲ್ಲ.

ಪರೀಕ್ಷೆ: ಕಡತದಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಕನ್ನಡವಾಗಿ ಬಂದರೆ ಸರಿ. ಯೂನಿಕೋಡ್ ಪಿಡಿಎಫ್‌ನಲ್ಲೂ ಒತ್ತಕ್ಷರ ಹಿಂದುಮುಂದಾಗುವುದುಂಟು, ಆದ್ದರಿಂದ ಸೂಚನೆಯ ಪಠ್ಯ ವೆಬ್ ಪುಟದಲ್ಲೇ ಇರಲಿ, ಪಿಡಿಎಫ್ ಬೇಕಾದವರಿಗೆ ಕೆಳಗೆ ಕೊಡಿ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತು ಹಾಕಿಸಿ. ಇಲ್ಲದಿದ್ದರೆ ತಂತ್ರಾಂಶ ಕನ್ನಡ ಧ್ವನಿಗೆ ಬದಲಾಗದೆ ಅಕ್ಷರಗಳನ್ನು ಹಾರಿಸುತ್ತದೆ.

ಅರ್ಜಿಯ ಪುಟವನ್ನು ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ತುಂಬಿ ನೋಡಿ. ಎಲ್ಲಿದ್ದೀರಿ ಎಂದು ಕಾಣದಿದ್ದರೆ, ದಿನಾಂಕದ ಪೆಟ್ಟಿಗೆಯಿಂದ ಹೊರಬರಲಾಗದಿದ್ದರೆ, ಅಲ್ಲೇ ತಪ್ಪಿದೆ. ತಪ್ಪು ತುಂಬಿದ ಪೆಟ್ಟಿಗೆಗೆ ಕೆಂಪು ಬಣ್ಣ ಹಚ್ಚಿದರೆ ಸಾಲದು, ಏನು ತಪ್ಪು ಎಂದು ಬರೆಯಬೇಕು. ಚಿತ್ರದ ಅಕ್ಷರ ಗುರುತಿಸಿ ಎನ್ನುವ ಕ್ಯಾಪ್ಚಾ ತೆಗೆಸಿ. ಸಣ್ಣ ಅಕ್ಷರಕ್ಕೆ 4.5:1 ಬಣ್ಣದ ಅಂತರ ಬೇಕು: ಬಿಳಿಯ ಮೇಲೆ 767676 ಬೂದು 4.54, ಪಾಸು, 777777 ಬೂದು 4.48, ಫೇಲು. ಕಣ್ಣಿಗೆ ಎರಡೂ ಒಂದೇ, ಆದ್ದರಿಂದ ಅಂದಾಜು ಬೇಡ, ಅಳೆಯಿರಿ.

ಉತ್ತರ 6: ಅಳತೆಪಟ್ಟಿ

ಕಂತಿನ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಕಾಂಕ್ರೀಟಿನ ಒಳಗೆ ಹೋಗುವುದೆಲ್ಲ ಮೊದಲ ಕಂತು: ರ್ಯಾಂಪಿನ ಮಟ್ಟಗಳು, ಶೌಚಾಲಯದ ಗೋಡೆ ಮತ್ತು ಕೊಳವೆ, ಬಾಗಿಲಿಗೆ ಬಿಡುವ ಜಾಗ, ಲಿಫ್ಟಿನ ಬಾವಿ, ಲೂಪಿನ ತಂತಿಯ ಕೊಳವೆ, ಬೆಳಕಿನ ಎಚ್ಚರಿಕೆಗೆ ವೈರಿಂಗ್. ಲಿಫ್ಟ್ ಯಂತ್ರವೇ ಎರಡನೇ ಕಂತಿಗೆ ಹೋದರೂ ನಡೆಯುತ್ತದೆ, ಬಾವಿ ಚಿಕ್ಕದಾದರೆ ನಡೆಯುವುದಿಲ್ಲ. ಆದರೆ ಲಿಫ್ಟ್ ಬರುವ ತನಕ ಓದುವ ಮೇಜುಗಳಲ್ಲಿ ಒಂದಷ್ಟನ್ನು ಕೆಳಗೆ ತನ್ನಿ, ಮೇಲಿನ ಪುಸ್ತಕವನ್ನು ಸಿಬ್ಬಂದಿ ತಂದುಕೊಡುವ ಏರ್ಪಾಡನ್ನು ಕೌಂಟರಿನಲ್ಲೇ ಬರೆದು ಹಾಕಿ. ಕಪಾಟುಗಳ ನಡುವೆ ಕನಿಷ್ಠ 915 ಬಿಡಿ. ಹಣವೇ ಬೇಡದ ಕೆಲಸಗಳು, ಅಂದರೆ ಗೋಡೆಯಿಂದ ಚಾಚಿದ್ದನ್ನು ಸರಿಸುವುದು, ಕಡತಗಳನ್ನು ಯೂನಿಕೋಡಿಗೆ ತರುವುದು, ಬಾಗಿಲ ಬಳಿಯ ನಾರಿನ ದಪ್ಪ ಮ್ಯಾಟ್ ತೆಗೆಯುವುದು, ನಾಳೆಯೇ ಆಗಲಿ. ಆ ಮ್ಯಾಟಿನಲ್ಲಿ ಮುಂಗಾಲಿ ಹೂತುಕೊಂಡು ನಿಲ್ಲುತ್ತದೆ.

ಬೆಂಕಿಯ ವಿಷಯ ಯಾರೂ ಎತ್ತಲಿಲ್ಲ. ಮೇಲಂತಸ್ತಿಗೆ ಗಾಲಿಕುರ್ಚಿ ಹೋಗಬಹುದೆಂದರೆ ಲಿಫ್ಟ್ ನಿಂತಾಗ ಇಳಿಯುವ ದಾರಿಯೂ ಇರಬೇಕು. ಬೆಂಕಿ ತಡೆಯುವ ಗೋಡೆ, ಬಾಗಿಲಿನ ಒಳಗೆ ಮೆಟ್ಟಿಲ ಪಕ್ಕ 900 × 1400 ಜಾಗವನ್ನು ಆಸರೆ ತಾಣವೆಂದು ಗುರುತಿಸಿ, ಇಳಿಯುವವರ ದಾರಿಗೆ ಅಡ್ಡವಾಗದಂತೆ. ಅಲ್ಲಿಂದ ಕೆಳಗಿನವರ ಜೊತೆ ಮಾತಾಡುವ ಸಾಧನ ಬೇಕು. ಇಳಿಸುವ ಕುರ್ಚಿ ಇಟ್ಟರೆ ಸಾಲದು, ಯಾವ ಹೊತ್ತಿಗೆ ಯಾರು ಹೋಗಿ ಇಳಿಸಬೇಕು ಎಂದು ಹೆಸರು ಬರೆದು, ಅವರ ಕೈಯಲ್ಲಿ ಅಭ್ಯಾಸ ಮಾಡಿಸಿ. ಎಚ್ಚರಿಕೆಯ ಗಂಟೆಗೆ ಮಿನುಗುವ ದೀಪ ಜೊತೆಯಾಗಲಿ. ಮೊದಲ ದೀಪ ಶೌಚಾಲಯಕ್ಕೆ, ಏಕೆಂದರೆ ಕಿವಿ ಕೇಳದವರು ಒಬ್ಬರೇ ಇರುವ, ಬೇರೆಯವರು ಓಡುವುದು ಕಾಣದ ಜಾಗ ಅದೊಂದೇ.

ಓದುಮನೆ

ಇಂದಿನ ಸಭೆಯಲ್ಲಿ ರ್ಯಾಂಪ್ ಮುಂದಕ್ಕೆ ಬಂತು, 1:18, ಎರಡು ಓಟ. ಎರಡು ಶೌಚಾಲಯ ಸೇರಿಸಿ 1580 × 2280 ಒಪ್ಪಿದ್ದಾರೆ. ಲಿಫ್ಟಿನ ಬಾವಿಯ ಅಳತೆಯನ್ನು ತಯಾರಕರಿಂದ ಬರವಣಿಗೆಯಲ್ಲಿ ಕೇಳಿದ್ದೇವೆ. ರ್ಯಾಂಪಿನ ಅಚ್ಚಿಗೆ ಹಲಗೆ ಕಟ್ಟಿದ ದಿನ, ಕಾಂಕ್ರೀಟ್ ಸುರಿಯುವ ಮುಂಚೆ ಏನು ಅಳೆಯಬೇಕು?

ಉತ್ತರ 7: ಗಾರೆಕೆಲಸ

ಮೊದಲು ಒಳಗಿನ ನೆಲದ ಮುಗಿದ ಮಟ್ಟವನ್ನು ಬಾಗಿಲ ಚೌಕಟ್ಟಿನ ಮೇಲೆ ಗೆರೆ ಹಾಕಿ. ಮಟ್ಟ ನೋಡುವ, ನೀರು ತುಂಬಿದ ಕೊಳವೆಯಿಂದ ಆ ಮಟ್ಟವನ್ನು ಅಚ್ಚಿನ ಹಲಗೆಗೆ ತಂದು, ಅಲ್ಲಿಂದ ಟೈಲ್ಸ್, ಗಾರೆಯ 40 ಕೆಳಗೆ ಮೊಳೆ ಹೊಡೆಯಿರಿ, ಕಾಂಕ್ರೀಟ್ ಅಲ್ಲಿಗೆ ನಿಲ್ಲಬೇಕು. ರ್ಯಾಂಪಿನ ಮೇಲೂ ಅದೇ ದಪ್ಪದ ಹಾಸು ಬರುತ್ತದೆಯೇ, ಅಥವಾ ಕಾಂಕ್ರೀಟಿನ ಮೇಲೇ ಪೊರಕೆ ಎಳೆದು ಒರಟು ಮಾಡುತ್ತೀರೋ ಎಂದು ಅವತ್ತೇ ತೀರ್ಮಾನವಾಗಿರಬೇಕು. ಒರಟು ಕಾಂಕ್ರೀಟೇ ಆದರೆ ರ್ಯಾಂಪಿಗೆ ಆ 40 ಕಳೆಯಬೇಡಿ, ಮುಗಿದ ಮಟ್ಟಕ್ಕೇ ಸುರಿಯಿರಿ. ನುಣುಪು ಟೈಲ್ಸ್ ಮಾತ್ರ ಬೇಡ, ಮಳೆಯಲ್ಲಿ ಜಾರುತ್ತದೆ. ಆಮೇಲೆ ಹಲಗೆಯ ಮೇಲಂಚಿಗೆ ಆ 1200ರ ಪಟ್ಟಿ ಹಿಡಿಯಿರಿ. 1:18ಕ್ಕೆ ಸಂದು 67 ಬರಬೇಕು. 75 ದಾಟಿದರೆ ಹಲಗೆ ಬಿಚ್ಚಿಸಿ ಮತ್ತೆ ಕಟ್ಟಿಸಿ, ಅವತ್ತು ಅರ್ಧ ಗಂಟೆಯ ಕೆಲಸ ಅದು.